ಡಾಕ್ಟರ್ ಆಗೋಕೆ ಬಯಾಲಜಿಯೇ ಮೇಜರ್ ಆಗಬೇಕಾ?

ಪ್ರಶ್ನೆ: ಮಗಳು ಅಮೆರಿಕದಲ್ಲಿ ಕಾಲೇಜಿನ ಮೊದಲ ವರ್ಷದಲ್ಲಿದ್ದಾಳೆ. ಮೆಡಿಕಲ್‌ಗೆ ಹೋಗ್ತೀನಿ ಅಂತಾಳೆ, ಆದರೆ ಹಿಸ್ಟರಿ ಮೇಜರ್ (ಮುಖ್ಯ ವಿಷಯ) ತಗೊಂಡಿದ್ದಾಳೆ. ಬಯಾಲಜಿಗೆ ಬದಲಾಯಿಸು ಅಂತ ಹೇಳಲಾ?

ಬೇಡ, ದಯವಿಟ್ಟು ಹೇಳಬೇಡಿ. ಸೆಮಿಸ್ಟರ್ ಶುರುವಾದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ, ಆದ್ದರಿಂದ ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ಪಿಯುಸಿಯಲ್ಲಿ ಪಿಸಿಎಂಬಿ ತಗೊಂಡು, ಸಿಇಟಿ ಬರೆದು, ನೇರ ಎಂಬಿಬಿಎಸ್‌ಗೆ ಸೇರುವುದನ್ನು ನೋಡಿ ಬೆಳೆದವರು ನಾವು. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಸಾಮಾನ್ಯವಾಗಿ ನಾಲ್ಕು ವರ್ಷದ ಡಿಗ್ರಿ ಮುಗಿಸಿದ ಮೇಲೆಯೇ ಮೆಡಿಕಲ್ ಸ್ಕೂಲು, ಆ ಡಿಗ್ರಿ ಯಾವ ವಿಷಯದ್ದಾದರೂ ಆಗಬಹುದು. ‘ಪ್ರಿ-ಮೆಡ್’ ಬಹುತೇಕ ಕಾಲೇಜುಗಳಲ್ಲಿ ಮೇಜರ್ರೇ ಅಲ್ಲ, ಮುಗಿಸಿರಬೇಕಾದ ಕೋರ್ಸುಗಳ ಒಂದು ಪಟ್ಟಿ ಅಷ್ಟೇ. ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್ ಲ್ಯಾಬ್ ಸಮೇತ ಸುಮಾರು ಒಂದೊಂದು ವರ್ಷ, ಜೊತೆಗೆ ಬಯೋಕೆಮಿಸ್ಟ್ರಿ, ಇಂಗ್ಲಿಷ್. ಸ್ಕೂಲಿಂದ ಸ್ಕೂಲಿಗೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ.

“ಆದರೂ ಬಯಾಲಜಿ ಮಾಡಿದವರಿಗೆ ಆದ್ಯತೆ ಇರುತ್ತಲ್ವಾ?” ಇಲ್ಲ. ಅರ್ಜಿ ಹಾಕುವವರಲ್ಲಿ ಬಯಾಲಜಿಯವರೇ ಹೆಚ್ಚು, ಹಾಗಾಗಿ ಸೀಟು ಸಿಕ್ಕವರಲ್ಲೂ ಅವರೇ ಕಾಣುತ್ತಾರೆ. ತಪ್ಪು ತಿಳಿವಳಿಕೆ ಹುಟ್ಟುವುದೇ ಅಲ್ಲಿ. ಅರ್ಜಿಯನ್ನೇ ತೆಗೆದು ನೋಡಿ. ಬಹುತೇಕ ಮೆಡಿಕಲ್ ಸ್ಕೂಲುಗಳಿಗೆ ಒಟ್ಟಾಗಿ ಹಾಕುವ ಎಎಂಸಿಎಎಸ್ ಅರ್ಜಿಯಲ್ಲಿ ಒಟ್ಟು ಜಿಪಿಎ (ಗ್ರೇಡುಗಳ ಸರಾಸರಿ) ಜೊತೆಗೆ ಬಿಸಿಪಿಎಂ ಅಂತ ಇನ್ನೊಂದು ಜಿಪಿಎ ಇರುತ್ತದೆ: ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಮ್ಯಾಥ್ಸ್. ಹಿಸ್ಟರಿ ವಿದ್ಯಾರ್ಥಿನಿಯ ವಿಜ್ಞಾನದ ಅಂಕಗಳೂ ಬಯಾಲಜಿಯವರ ಅಂಕಗಳೂ ಅಲ್ಲಿ ಒಂದೇ ರೀತಿ ಲೆಕ್ಕಕ್ಕೆ ಬರುತ್ತವೆ. ಇಷ್ಟವಿಲ್ಲದ ಮೇಜರ್‌ನಲ್ಲಿ ಬರೀ ಸಿ ಗ್ರೇಡ್ ತಂದವರಿಗೆ ಬಯಾಲಜಿ ಅನ್ನುವ ಹೆಸರು ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಮೆಡಿಕಲ್ ಸ್ಕೂಲಿನ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್‌ನ ನಾಲ್ಕು ವಿಭಾಗಗಳಲ್ಲಿ ಒಂದು ವಿಭಾಗದ ತುಂಬ ಗದ್ಯಭಾಗಗಳನ್ನು ಓದಿ ವಿಶ್ಲೇಷಿಸುವುದೇ ಕೆಲಸ: 90 ನಿಮಿಷ, 53 ಪ್ರಶ್ನೆ. ಹೊರಗಿನ ಯಾವ ವಿಷಯಜ್ಞಾನವೂ ಬೇಕಿಲ್ಲ. ಹಿಸ್ಟರಿ ಓದುವವರು ದಿನಾ ಮಾಡುವ ಕೆಲಸವೇ ಅದು.

ಚಿಂತೆ ಮಾಡಬೇಕಾದದ್ದು ಕೋರ್ಸುಗಳ ಸರಣಿಯ ಬಗ್ಗೆ. ಜನರಲ್ ಕೆಮಿಸ್ಟ್ರಿ ಎರಡು ಸೆಮಿಸ್ಟರ್, ಆಮೇಲೆ ಆರ್ಗ್ಯಾನಿಕ್ ಎರಡು, ಆಮೇಲೆ ಬಯೋಕೆಮಿಸ್ಟ್ರಿ. ಸಾಮಾನ್ಯವಾಗಿ ಒಂದು ಮುಗಿಯದೆ ಇನ್ನೊಂದಕ್ಕೆ ಸೇರಿಸಿಕೊಳ್ಳುವುದಿಲ್ಲ. ಮೊದಲ ವರ್ಷ ಕೆಮಿಸ್ಟ್ರಿ ಬಿಟ್ಟರೆ ಎಂಕ್ಯಾಟ್ ಒಂದು ವರ್ಷ ಮುಂದಕ್ಕೆ ಹೋಗಬಹುದು. ಮಗಳು ಈ ವಾರವೇ ಮೆಡಿಕಲ್‌ಗೆ ಹೋಗುವವರಿಗೆ ಕಾಲೇಜಿನಲ್ಲಿ ದಾರಿ ಹೇಳುವ ಪ್ರಿ-ಹೆಲ್ತ್ ಅಡ್ವೈಸರ್ ಹತ್ತಿರ ಕೂತು ಎಂಟೂ ಸೆಮಿಸ್ಟರಿನ ಪಟ್ಟಿ ಬರೆಸಿಕೊಳ್ಳಲಿ.

ಮಗಳೇ ಹೋಗಬೇಕು, ನೀವಲ್ಲ. ಫೀಸು ಕಟ್ಟುವವರು ನಾವು, ಮಾರ್ಕ್ಸ್ ಯಾಕೆ ಹೇಳಲ್ಲ ಅಂತ ಅಡ್ವೈಸರ್‌ಗಳಿಗೆ ಫೋನ್ ಮಾಡಿ ಸಿಟ್ಟಾಗುವ ಅಪ್ಪ-ಅಮ್ಮಂದಿರಿದ್ದಾರೆ. ವಿದ್ಯಾರ್ಥಿಗಳ ದಾಖಲೆಗಳನ್ನು ಗೌಪ್ಯವಾಗಿಡುವ 1974ರ ಫರ್ಪಾ ಕಾನೂನಿನ ಪ್ರಕಾರ ಕಾಲೇಜು ಸೇರಿದ ಮೇಲೆ ದಾಖಲೆಗಳ ಹಕ್ಕು ವಿದ್ಯಾರ್ಥಿಯದು. ತೆರಿಗೆ ಲೆಕ್ಕದಲ್ಲಿ ಮಕ್ಕಳು ನಿಮ್ಮ ಅವಲಂಬಿತರಾಗಿದ್ದರೆ ಕಾಲೇಜು ಹೇಳಬಹುದು, ಹೇಳಲೇಬೇಕೆಂದಿಲ್ಲ. ಅಡ್ವೈಸರ್ ಏನಂದರು ಅಂತ ಮಗಳನ್ನೇ ಕೇಳಿ. ಮೊದಲ ಭೇಟಿಗೆ ಟ್ರಾನ್ಸ್‌ಕ್ರಿಪ್ಟ್ (ಅಂಕಪಟ್ಟಿ) ಜೊತೆ, ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆಗಳ ಸ್ಕೋರುಗಳನ್ನೂ ಒಯ್ಯಲು ಹೇಳಿ. ಎಪಿ ಕ್ರೆಡಿಟ್ಟನ್ನು ಎಲ್ಲ ಮೆಡಿಕಲ್ ಸ್ಕೂಲುಗಳೂ ಒಪ್ಪುವುದಿಲ್ಲ, ಅದು ಮೊದಲೇ ಗೊತ್ತಾಗಬೇಕು.