ಕಣ್ಣಂದಾಜಿಗೆ ಸಿಗದ ಅರ್ಧ ಲೀಟರ್

ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾದ ಮೂರನೆಯ ವರ್ಷದ ಹುಡುಗಿಯರಿಗೆ ಸಂಶೋಧನೆಯ ಪಾಠ ಶುರು ಮಾಡುವ ದಿನ ನಾನು ಪಠ್ಯಪುಸ್ತಕ ಒಯ್ಯುವುದಿಲ್ಲ. ಒಂದು ಹಳೆಯ ನೂಲಿನ ಸೀರೆ, ಗೆರೆ ಹಾಕಿದ ಅಳತೆಯ ಜಗ್ಗು, ಬೀಟ್‌ರೂಟ್ ಕುದಿಸಿ ಸೋಸಿದ ಕೆಂಪು ನೀರಿನ ಕ್ಯಾನು, ಇವಿಷ್ಟನ್ನು ಚೀಲಕ್ಕೆ ಹಾಕಿಕೊಂಡು ವಿಜಯಪುರದ ಗಾಂಧಿ ಚೌಕದಲ್ಲಿ ಆಟೋ ಹತ್ತುತ್ತೇನೆ. ತರಗತಿಯಲ್ಲಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲೆ ಹಾಸುತ್ತೇನೆ. ಹುಡುಗಿಯರು ಬೆನ್ನು ತಿರುಗಿಸಿ ನಿಂತಿರುವಾಗ ಅಳೆದ ನೀರನ್ನು ಅದರ ಮೇಲೆ ಸುರಿದು, 'ಈಗ ನೋಡಿ, ಎಷ್ಟು ರಕ್ತ ಹೋಗಿದೆ ಎಂದು ಚೀಟಿಯಲ್ಲಿ ಬರೆಯಿರಿ' ಎನ್ನುತ್ತೇನೆ.

ಈ ವರ್ಷ ಸುರಿದದ್ದು 600 ಮಿಲಿಲೀಟರ್. ಮುಂದಿನ ಸಾಲಿನವಳು 200 ಎಂದು ಬರೆದಳು, ಅವಳ ಚೀಟಿ ಇಣುಕಿ ನೋಡಿದ ಪಕ್ಕದವಳು 250 ಎಂದಳು. ಹಿಂದಿನ ಬೆಂಚಿನಲ್ಲಿ ಜಮಖಂಡಿ ಕಡೆಯ ಒಬ್ಬಳಿದ್ದಳು. ಐದು ವರ್ಷ ಎಎನ್‌ಎಂ, ಅಂದರೆ ಹಳ್ಳಿಯ ಆರೋಗ್ಯ ಸಹಾಯಕಿ, ಆಗಿ ಉಪಕೇಂದ್ರದಲ್ಲಿ ದುಡಿದು ಮುಂದೆ ಓದಲು ಬಂದವಳು. 300 ಎಂದು ಬರೆದು ಪೆನ್ನಿನ ಮುಚ್ಚಳ ಹಾಕಿದಳು. 'ಇಷ್ಟು ಹೆರಿಗೆ ನೋಡಿದ್ದೇನೆ ಮೇಡಂ, ಇದು 300ರ ಮೇಲೆ ಹೋಗುವುದಿಲ್ಲ.' ನಾನು ಖಾಲಿ ಜಗ್ಗನ್ನು ಎತ್ತಿ ತೋರಿಸಿದೆ. ಅವಳ ಮುಖ ಸಣ್ಣದಾಯಿತು. ತರಗತಿಯಲ್ಲಿ ಎಲ್ಲರಿಗಿಂತ ಹತ್ತಿರ ಬಂದವಳು ಅವಳೇ. ಅವಳದೂ ಅರ್ಧಕ್ಕೆ ಅರ್ಧ ತಪ್ಪು.

ಹೆರಿಗೆಯ ನಂತರ 500 ಮಿಲಿಲೀಟರ್ ದಾಟಿದರೆ ಅದು ಅತಿರಕ್ತಸ್ರಾವ. ಅಂದರೆ ಬೆಳಿಗ್ಗೆ ಬಾಗಿಲ ಮುಂದೆ ಬಂದು ಬೀಳುವ ಅರ್ಧ ಲೀಟರಿನ ಹಾಲಿನ ಪಾಕೀಟು. ಪಾಕೀಟಿನಲ್ಲಿರುವಾಗ ಅರ್ಧ ಲೀಟರ್ ಎಷ್ಟೆಂದು ಎಲ್ಲರಿಗೂ ಗೊತ್ತು. ಅದೇ ಹಾಲು ನೆಲಕ್ಕೆ ಚೆಲ್ಲಿ, ಒರೆಸುವ ಬಟ್ಟೆಗೆ ಅರ್ಧ ಹೋಗಿ, ಮಂಚದ ಕೆಳಗೆ ಅಷ್ಟು ಹರಿದು, ಜೊತೆಗೆ ಒಂದು ತಂಬಿಗೆ ನೀರೂ ಬೆರೆತರೆ ಅಳತೆ ಹೇಳುವವರು ಯಾರು? ಬಟ್ಟೆ ಹೀರುತ್ತದೆ, ಗರ್ಭದ ನೀರು ಬೆರೆಯುತ್ತದೆ, ಬೆನ್ನಿನ ಅಡಿಗೆ ಹರಿದದ್ದು ಕಾಣುವುದೇ ಇಲ್ಲ. ಕಣ್ಣಿನದು ಇನ್ನೊಂದು ವಿಚಿತ್ರ ಗುಣ: ಚೆಲ್ಲಿದ್ದು ಸ್ವಲ್ಪವೇ ಇದ್ದರೆ ಹೆಚ್ಚೆನ್ನುತ್ತದೆ, ಬಹಳ ಇದ್ದರೆ ಕಡಿಮೆ ಎನ್ನುತ್ತದೆ. ಎಲ್ಲಿ ನಮಗೆ ಅದು ಬೇಕೋ ಅಲ್ಲಿಯೇ ಕೈಕೊಡುತ್ತದೆ.

ಇದು ನನ್ನ ಬೀಟ್‌ರೂಟ್ ನೀರಿನ ಮೇಲೆ ನಿಂತ ಮಾತಲ್ಲ. ಬೆಳಗಾವಿಯಲ್ಲಿ 123 ತಾಯಂದಿರ ಮೇಲೆ ನಡೆದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಚೀಟಿ ಎತ್ತಿದಂತೆ ಒಂದು ಗುಂಪಿನ ರಕ್ತವನ್ನು ಕಣ್ಣಂದಾಜಿನಲ್ಲಿ ಬರೆದರು, ಇನ್ನೊಂದು ಗುಂಪಿನದನ್ನು ಅಳತೆಯ ಪ್ಲಾಸ್ಟಿಕ್ ಹಾಳೆಯಲ್ಲಿ ಹಿಡಿದರು. ಕಣ್ಣಂದಾಜು ಸರಾಸರಿ ಶೇಕಡಾ 33ರಷ್ಟು ಕಡಿಮೆ ಬಂತು. ಆ ಹಾಳೆಯಲ್ಲಿ ಯಾವ ಇಂದ್ರಜಾಲವೂ ಇಲ್ಲ. ಸೊಂಟಕ್ಕೆ ಕಟ್ಟುವ ಎರಡು ಪಟ್ಟಿ, ಕೆಳಗೆ ಆಲಿಕೆಯಂತೆ ಇಳಿಬಿದ್ದ ಚೀಲ, ಚೀಲದ ಮೇಲೆ ಮಿಲಿಲೀಟರಿನ ಗೆರೆ. ಸಂತೆಯಲ್ಲಿ ಎಣ್ಣೆ ಅಳೆಯುವವನ ಹತ್ತಿರ ಇರುವಷ್ಟು ಸಲಕರಣೆ ನಮ್ಮ ಹೆರಿಗೆ ಕೋಣೆಗೆ ಬರಲು ಇಷ್ಟು ಕಾಲ ಹಿಡಿಯಿತು ಎಂಬುದೇ ನನಗೆ ಬೇಸರ.

ಅಳತೆಗೆ ಇಷ್ಟು ಜೀವ ಬಿಡುವುದೇಕೆ ಎಂದು ಕೇಳಿದರೆ ಗರ್ಭಕೋಶದ ಒಳಗೆ ಹೋಗಬೇಕು. ಇದು ನನ್ನ ಮೆಚ್ಚಿನ ವಿಷಯ, ಸ್ವಲ್ಪ ತಾಳಿಕೊಳ್ಳಿ. ದಿನ ತುಂಬಿದಾಗ ಗರ್ಭಕೋಶಕ್ಕೆ ನಿಮಿಷಕ್ಕೆ 500ರಿಂದ 700 ಮಿಲಿಲೀಟರ್ ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿದ ಕ್ಷಣ, ಅದು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳ ಬಾಯಿ ತೆರೆದೇ ಇರುತ್ತದೆ. ಈಳಿಗೆಗೆ ಬೆರಳು ಕೊಯ್ದಾಗ ರಕ್ತ ಹೆಪ್ಪುಗಟ್ಟಿ ನಿಲ್ಲುತ್ತದೆ, ನಿಜ. ಇಲ್ಲಿ ಬರೀ ಹೆಪ್ಪನ್ನು ನಂಬಿ ಕುಳಿತರೆ ಒಡ್ಡು ಒಡೆದ ಹೊಲಕ್ಕೆ ಹಿಡಿ ಮಣ್ಣು ಹಾಕಿದಂತೆ. ಇಲ್ಲಿ ಕೆಲಸ ಮಾಡುವುದು ಸ್ನಾಯು. ಗರ್ಭಕೋಶದ ಗೋಡೆಯ ನಡುವಿನ ಪದರದಲ್ಲಿ ಎಳೆಗಳು ಅಡ್ಡಡ್ಡ ಹೆಣೆದುಕೊಂಡಿವೆ, ರಕ್ತನಾಳಗಳು ಆ ಹೆಣಿಗೆಯ ಕಣ್ಣುಗಳ ನಡುವೆ ತೂರಿ ಬರುತ್ತವೆ. ಸ್ನಾಯು ಕುಗ್ಗಿದರೆ ಪ್ರತಿ ಕಣ್ಣೂ ಬಾವಿಯ ಹಗ್ಗದ ಜೀರುಗುಣಿಕೆಯಂತೆ ಬಿಗಿದುಕೊಳ್ಳುತ್ತದೆ. ಲಂಗದ ಲಾಡಿ ಎಳೆದಾಗ ನೆರಿಗೆಗಳು ಒಟ್ಟಾಗುವುದಿಲ್ಲವೇ, ಹಾಗೆ. ಇಳಕಲ್ ನೇಕಾರರು ಸೆರಗಿನ ಹಾಸನ್ನು ಮೈಯ ಹಾಸಿಗೆ ಕೊಂಡಿ ಹಾಕಿ ಸೇರಿಸುವುದನ್ನು ನೋಡಿದವರಿಗೆ ಇನ್ನೂ ಸುಲಭ: ಎಳೆಗಳು ಒಂದನ್ನೊಂದು ಹಿಡಿದಿರುತ್ತವೆ, ಎಳೆದಷ್ಟೂ ಬಿಗಿ. ಉಪಮೆ ಹೆಚ್ಚಾಯಿತೆಂದು ಗೊತ್ತು, ಆದರೂ ಇನ್ನೊಂದು: ಆಲಮಟ್ಟಿಯ 26 ಗೇಟುಗಳನ್ನೂ ಯಾರೋ ಒಂದೇ ಗುಂಡಿ ಒತ್ತಿ ಇಳಿಸಿದಂತೆ.

ಆ ಗುಂಡಿ ಒತ್ತಿಕೊಳ್ಳದಿದ್ದಾಗ, ಅಂದರೆ ಸ್ನಾಯು ಸೋತು ಸಡಿಲವಾದಾಗ, ಹೊಟ್ಟೆಯ ಮೇಲೆ ಕೈಯಿಟ್ಟ ನರ್ಸ್‌ಗೆ ಕ್ರಿಕೆಟ್ ಚೆಂಡಿನ ಗಟ್ಟಿತನದ ಬದಲು ರೊಟ್ಟಿಯ ಹಿಟ್ಟಿನ ಮೆತುವು ಸಿಗುತ್ತದೆ. ಬಾಣಂತಿಯ ಮೈಯಲ್ಲಿರುವುದು ಐದಾರು ಲೀಟರ್ ರಕ್ತ. ಗಣಿತ ನೀವೇ ಮಾಡಿ. ಇನ್ನೂ ಒಂದು ಮೋಸವಿದೆ: ಗಟ್ಟಿಮುಟ್ಟಾದ ಎಳೆ ಪ್ರಾಯದ ತಾಯಿಯ ರಕ್ತದೊತ್ತಡ ಬಹಳ ಹೊತ್ತು ಇಳಿಯುವುದೇ ಇಲ್ಲ. ಮಾತಾಡುತ್ತಾಳೆ, ಮಗುವಿನ ಮುಖ ನೋಡುತ್ತಾಳೆ, ಆಮೇಲೆ ಒಮ್ಮೆಲೇ ಕುಸಿಯುತ್ತಾಳೆ.

ಇಷ್ಟರ ನಡುವೆ ಮೂಲೆಯಲ್ಲಿ ಕುಳಿತ ಹಿರಿಯರೊಬ್ಬರು 'ಹೋಗಲಿ ಬಿಡಿ, ಒಂಬತ್ತು ತಿಂಗಳ ಕೆಟ್ಟ ರಕ್ತ, ಒಳಗೆ ಉಳಿದರೆ ನಂಜಾಗುತ್ತದೆ' ಎನ್ನುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಒಂಬತ್ತು ತಿಂಗಳು ಎಲ್ಲೂ ಕೆಟ್ಟ ರಕ್ತ ಕೂಡಿಟ್ಟಿರುವುದಿಲ್ಲ. ಹೋಗುತ್ತಿರುವುದು ಅವಳ ಹೃದಯ ಈಗಷ್ಟೇ ತಳ್ಳಿದ ರಕ್ತ. ಆದರೆ ಸಿಟ್ಟಿನಿಂದ ಹಿರಿಯರ ಬಾಯಿ ಮುಚ್ಚಿಸಬಹುದು, ನಮ್ಮದೇ ವಾರ್ಡಿನ ಮೂಢನಂಬಿಕೆಯನ್ನಲ್ಲ. 'ಸಾಧಾರಣ ರಕ್ತಸ್ರಾವ' ಎಂದು ಕೇಸ್ ಶೀಟಿನಲ್ಲಿ ಕಣ್ಣು ಮುಚ್ಚಿ ಬರೆಯುವುದು ಬಿಳಿ ಸಮವಸ್ತ್ರ ತೊಟ್ಟ ಮೂಢನಂಬಿಕೆ.

ಗರ್ಭಕೋಶವನ್ನು ಬಿಗಿಸುವ ಮದ್ದಿನ ಕಥೆ ಒಂದು ಬೆಳೆ ರೋಗದಿಂದ ಶುರುವಾಗುತ್ತದೆ. ನಮ್ಮ ಕಡೆ ಸಜ್ಜೆಯ ತೆನೆಗೆ ಜೇನಿನಂಥ ಅಂಟು ಸುರಿದು ಕಾಳಿನ ಜಾಗದಲ್ಲಿ ಕಪ್ಪು ಗಂಟು ಕಟ್ಟುವ ರೋಗ ಬರುತ್ತದೆಯಲ್ಲ, ಅದರ ಅಣ್ಣನೋ ತಮ್ಮನೋ ಆದ ಶಿಲೀಂಧ್ರ ಯುರೋಪಿನಲ್ಲಿ ರೈ ಎಂಬ ಧಾನ್ಯಕ್ಕೆ ಬರುತ್ತದೆ. ಹೆಸರು ಎರ್ಗಟ್. ಅಲ್ಲಿನ ಸೂಲಗಿತ್ತಿಯರು ಹೆರಿಗೆ ಬೇಗ ಆಗಲೆಂದು ಅದರ ಪುಡಿ ಕೊಡುತ್ತಿದ್ದರು. 1808ರಲ್ಲಿ ಅಮೆರಿಕದ ಜಾನ್ ಸ್ಟರ್ನ್ಸ್ ಎಂಬ ವೈದ್ಯ ಅದನ್ನು ಹೊಗಳಿ ಬರೆದ ಮೇಲೆ ವೈದ್ಯರೂ ಹಿಂದೆ ಬಿದ್ದರು. ಗರ್ಭಕೋಶ ಬಿಗಿದುಕೊಂಡು ಸಡಿಲವಾಗದೆ ಮಕ್ಕಳು ಒಳಗೇ ಸತ್ತವು. 1824ರಲ್ಲಿ ಡೇವಿಡ್ ಹೊಸಾಕ್ ಎಂಬ ವೈದ್ಯ, ಇದನ್ನು ಹೆರಿಗೆಯ ನಂತರ ರಕ್ತ ನಿಲ್ಲಿಸಲು ಮಾತ್ರ ಕೊಡಿ ಎಂದ. ಮದ್ದು ಅದೇ, ಕೊಡುವ ಗಳಿಗೆ ಬೇರೆ. 1935ರಲ್ಲಿ ಅದರಿಂದ ಎರ್ಗೊಮೆಟ್ರಿನ್ ಬೇರ್ಪಟ್ಟಿತು. 1953ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ದು ವಿನ್ಯೋ, ಮೈಯಲ್ಲೇ ಹುಟ್ಟಿ ಗರ್ಭಕೋಶ ಬಿಗಿಸುವ ಹಾರ್ಮೋನಾದ ಆಕ್ಸಿಟೋಸಿನ್ ಅನ್ನು ಪ್ರಯೋಗಶಾಲೆಯಲ್ಲಿ ಕಟ್ಟಿದ, ಎರಡು ವರ್ಷಕ್ಕೆ ನೊಬೆಲ್ ಬಂತು. ಇವತ್ತಿಗೂ ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಕೊಡುವುದು ಆಕ್ಸಿಟೋಸಿನ್ 10 ಯೂನಿಟ್ ಚುಚ್ಚುಮದ್ದು.

ಅದಕ್ಕೆ ಬೇಕಾದದ್ದು 2ರಿಂದ 8 ಡಿಗ್ರಿಯ ತಂಪು. ವಿಜಯಪುರದ ಮೇ ತಿಂಗಳು 40 ಡಿಗ್ರಿ ದಾಟುತ್ತದೆ, ಕರೆಂಟು ತನಗೆ ತಿಳಿದಾಗ ಬರುತ್ತದೆ. ಸೂಜಿ ಬೇಕು, ಚುಚ್ಚಲು ಬಲ್ಲವರು ಬೇಕು.

ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಕೈಹಾಕಿದ್ದು ಇಲ್ಲಿಗೆ. ಹೊಟ್ಟೆಹುಣ್ಣಿಗೆಂದು ಬಂದಿದ್ದ ಮಿಸೊಪ್ರೊಸ್ಟಾಲ್ ಮಾತ್ರೆ ಗರ್ಭಕೋಶವನ್ನೂ ಬಿಗಿಸುತ್ತದೆ. ಫ್ರಿಜ್ ಬೇಡ, ಸೂಜಿ ಬೇಡ, ನೀರಿನ ಜೊತೆ ನುಂಗಿದರಾಯಿತು. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ತಾಯಂದಿರು ಪ್ರಯೋಗಕ್ಕೆ ಒಪ್ಪಿದರು. ಅರ್ಧ ಜನಕ್ಕೆ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್, ಅರ್ಧ ಜನಕ್ಕೆ ನೋಡಲು ಹಾಗೆಯೇ ಇರುವ ಮದ್ದಿಲ್ಲದ ಮಾತ್ರೆ. ಯಾವ ಪೊಟ್ಟಣದಲ್ಲಿ ಯಾವುದಿದೆಯೆಂದು ಕೊಡುವವರಿಗೂ ಗೊತ್ತಿಲ್ಲ, ನುಂಗುವವರಿಗೂ ಗೊತ್ತಿಲ್ಲ. ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು, ಅಳತೆ ಹಾಳೆ ಕಟ್ಟಿ ಗೆರೆ ಓದಿ ಬರೆದವರು ಎಎನ್‌ಎಂಗಳು. ಊರಿನವರು 'ಸಿಸ್ಟರ್' ಎಂದು ಕೂಗುವ, ಲಸಿಕೆಯ ಡಬ್ಬ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಕಾಯುವ ಅವರೇ.

2006ರ ಅಕ್ಟೋಬರ್‌ನಲ್ಲಿ 'ದಿ ಲ್ಯಾನ್ಸೆಟ್' ಪತ್ರಿಕೆ ಫಲಿತಾಂಶ ಪ್ರಕಟಿಸಿತು. ಮದ್ದಿಲ್ಲದ ಮಾತ್ರೆ ನುಂಗಿದವರಲ್ಲಿ ನೂರಕ್ಕೆ 12 ಜನರಿಗೆ ಅತಿರಕ್ತಸ್ರಾವವಾಗಿತ್ತು, ಮಿಸೊಪ್ರೊಸ್ಟಾಲ್ ನುಂಗಿದವರಲ್ಲಿ 6.4. ಒಂದು ಲೀಟರ್ ಮುಟ್ಟಿದ ತೀವ್ರ ರಕ್ತಸ್ರಾವ 1.2ರಿಂದ 0.2ಕ್ಕೆ ಇಳಿದಿತ್ತು. ನೂರಕ್ಕೆ 5.6ರ ವ್ಯತ್ಯಾಸ, ಅಂದರೆ 18 ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬಳ ಅತಿರಕ್ತಸ್ರಾವ ತಪ್ಪುತ್ತದೆ. ಹುಡುಗಿಯರಿಗೆ ನಾನು ಈ 18ನ್ನು ಬಾಯಿಪಾಠ ಮಾಡಿಸುತ್ತೇನೆ. ಚಳಿ ನಡುಕ, ಜ್ವರ ಸ್ವಲ್ಪ ಹೆಚ್ಚು ಕಂಡಿತು, ಬೇಗ ಹೋಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲ್ ಅನ್ನು ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಸಂಶೋಧನೆ ಎಂದರೆ ಎಲ್ಲೋ ಬಿಳಿ ಕೋಟಿನವರು ಮಾಡುವುದು ಎಂದು ತಿಳಿದ ಹುಡುಗಿಯರು ಇಷ್ಟು ಕೇಳಿದ ಮೇಲೆ ನೆಟ್ಟಗೆ ಕೂರುತ್ತಾರೆ.

ಕೂತವರನ್ನು ಆಗಲೇ ಅಲ್ಲಾಡಿಸಬೇಕು. ಹಾಗಾದರೆ ನಮ್ಮ ಜಿಲ್ಲಾ ಆಸ್ಪತ್ರೆಯಂಥ ಕಡೆಯೂ ಮಾತ್ರೆಯೇ ಕೊಡೋಣವೇ? ಕೈಗಳು ಏಳುತ್ತವೆ, 'ಹೌದು ಮೇಡಂ.' ತಪ್ಪು. 2001ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳ ಆಸ್ಪತ್ರೆಗಳಲ್ಲಿ ಇದೇ ಮಾತ್ರೆಯನ್ನು ಆಕ್ಸಿಟೋಸಿನ್ ಎದುರು ನಿಲ್ಲಿಸಿ ನೋಡಿತ್ತು. ಒಂದು ಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದವರು ಮಾತ್ರೆಯ ಗುಂಪಿನಲ್ಲಿ ನೂರಕ್ಕೆ 4, ಚುಚ್ಚುಮದ್ದಿನ ಗುಂಪಿನಲ್ಲಿ 3. ಮಾತ್ರೆ ಸೋತಿತು. ಹಳ್ಳಿಯಲ್ಲಿ ಅದರ ಎದುರಾಳಿ ಖಾಲಿ ಕೈ, ಆಸ್ಪತ್ರೆಯಲ್ಲಿ ಅದರ ಎದುರಾಳಿ ತಂಪಾಗಿಟ್ಟ ಆಕ್ಸಿಟೋಸಿನ್. ಊರ ಗರಡಿಯಲ್ಲಿ ಗೆದ್ದ ಪೈಲ್ವಾನನನ್ನು ದಸರಾ ಕುಸ್ತಿಗೂ ಗೆದ್ದವನೆಂದೇ ಬರೆದುಕೊಳ್ಳುವವರುಂಟೇ? 'ಸಂಶೋಧನೆ ಹೇಳುತ್ತದೆ' ಎಂದು ಯಾರು ಬಂದರೂ ಮೊದಲು ಕೇಳಬೇಕಾದದ್ದು: ಯಾರಿಗೆ, ಯಾವುದಕ್ಕೆ ಹೋಲಿಸಿ?

ಕಲಿತದ್ದನ್ನು ಬಿಡುವುದು ಇನ್ನೂ ಕಷ್ಟ. ನಾನು ಕಲಿತಾಗ ಮಗು ಹೊರಬಂದ ತಕ್ಷಣ ಹೊಕ್ಕುಳಬಳ್ಳಿ ಕತ್ತರಿಸದಿದ್ದರೆ ಬೈಗುಳ. ಈಗ ಒಂದರಿಂದ ಮೂರು ನಿಮಿಷ ಕಾಯಿರಿ ಎನ್ನುತ್ತಾರೆ, ಆ ರಕ್ತ ಮಗುವಿನದು. ಬಳ್ಳಿಯನ್ನು ಹದವಾಗಿ ಎಳೆದು ಮಾಸು ತೆಗೆಯುವುದು ದೊಡ್ಡ ವಿದ್ಯೆ ಎಂದಿದ್ದೆವು. 2012ರ ದೊಡ್ಡ ಪ್ರಯೋಗವೊಂದು, ರಕ್ತ ತಡೆಯುವ ಕೆಲಸದ ಬಹುಪಾಲು ಮದ್ದಿನದು, ಎಳೆತದ ಪಾಲು ಬಹಳ ಸಣ್ಣದು ಎಂದು ತೋರಿಸಿತು. ನನ್ನ ಕೈಚಳಕದ ಬಗ್ಗೆ ನನಗಿದ್ದ ಹೆಮ್ಮೆ ಆ ದಿನ ಅರ್ಧ ಇಳಿಯಿತು.

ಹಾಳೆ ಮಾತ್ರ ಬೆಳೆಯುತ್ತಲೇ ಹೋಯಿತು. ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಒಳಗೊಂಡ ಇ-ಮೋಟಿವ್ ಎಂಬ ಪ್ರಯೋಗ 2023ರಲ್ಲಿ ಪ್ರಕಟವಾಯಿತು. ಕೆಲವು ಆಸ್ಪತ್ರೆಗಳಲ್ಲಿ ಅಳತೆ ಹಾಳೆ ಹಾಸಿದರು. ಗೆರೆ ಮುಟ್ಟಿದೊಡನೆ ಮಸಾಜ್, ಆಕ್ಸಿಟೋಸಿನ್, ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ, ಸಲೈನು, ಪರೀಕ್ಷೆ, ಎಲ್ಲವನ್ನೂ ಒಂದರ ಹಿಂದೊಂದು ಕಾಯದೆ ಒಟ್ಟಿಗೆ ಶುರು ಮಾಡಿದರು. ಅತಿರಕ್ತಸ್ರಾವ ಹಳೆಯ ಪದ್ಧತಿಯಲ್ಲಿ ಸುಮಾರು ಅರ್ಧದಷ್ಟು ಮಾತ್ರ ಗಮನಕ್ಕೆ ಬರುತ್ತಿತ್ತು, ಹಾಳೆಯಿದ್ದಲ್ಲಿ ನೂರಕ್ಕೆ 93. ತೀವ್ರ ತೊಂದರೆಗಳು ಶೇಕಡಾ 60ರಷ್ಟು ಕಡಿಮೆಯಾದವು. ಆ ಮದ್ದುಗಳಲ್ಲಿ ಒಂದೂ ಹೊಸದಲ್ಲ.

ಪಾಠ ಮುಗಿದಾಗ ಜಮಖಂಡಿಯ ಹುಡುಗಿ ಮೇಜಿನ ಬಳಿಯೇ ನಿಂತಿದ್ದಳು. 'ಮೇಡಂ, ನಮ್ಮ ಕೇಂದ್ರದಲ್ಲಿ ಹಾಳೆ ಮುಗಿದರೆ?' ಎಂದಳು. ರಕ್ತದ ಒಂದು ಗ್ರಾಂ ಹೆಚ್ಚು ಕಡಿಮೆ ಒಂದು ಮಿಲಿಲೀಟರೇ. ತೊಯ್ದ ಬಟ್ಟೆಯನ್ನು ತೂಗಿ ಒಣ ಬಟ್ಟೆಯ ತೂಕ ಕಳೆದರಾಯಿತು, ಗರ್ಭದ ನೀರು ಬಿದ್ದ ಬಟ್ಟೆಯನ್ನು ಮೊದಲೇ ಬದಲಾಯಿಸಿರಬೇಕು ಅಷ್ಟೆ ಎಂದೆ. ಅವಳು ಸೀರೆಯ ಒಂದು ತುದಿ ಹಿಡಿದಳು, ನಾನು ಇನ್ನೊಂದು. ಇಬ್ಬರೂ ಸೇರಿ ಬಕೆಟಿಗೆ ಹಿಂಡಿದೆವು.

ರಜೆಗೆ ಊರಿಗೆ ಹೋದವಳು ತನ್ನ ಹಳೆಯ ಉಪಕೇಂದ್ರದಿಂದ ಒಂದು ಫೋಟೋ ಕಳಿಸಿದಳು. ಹೆರಿಗೆಯ ತಟ್ಟೆಯಲ್ಲಿ ಸಿರಿಂಜು, ಹೊಕ್ಕುಳಬಳ್ಳಿಯ ಕ್ಲಿಪ್ಪು, ಕೈಗವಸು. ಪಕ್ಕದಲ್ಲಿ ಕಿರಾಣಿ ಅಂಗಡಿಯವರು ಇಡುವಂಥ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ. ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಅವಳದೇ ಅಕ್ಷರ: 'ಒಣ ಪ್ಯಾಡು 40 ಗ್ರಾಂ. ಒಣ ಬಟ್ಟೆ, ದೊಡ್ಡದು, 310 ಗ್ರಾಂ.'