ಬೆದೆ ಬಂದು ಹೋದದ್ದು ಯಾರಿಗೂ ಕಾಣಲಿಲ್ಲ

"ಕರು ಹಾಕಿ ನಾಲ್ಕ್ ತಿಂಗ್ಳಾಯ್ತು ಕಣಪ್ಪ, ಬೆದೆಗೇ ಬರಾಕಿಲ್ಲ" ಎಂದರು ಮದ್ದೂರಿನ ಹತ್ತಿರದ ಹಳ್ಳಿಯಲ್ಲಿರುವ ನನ್ನ ಚಿಕ್ಕಮ್ಮ. ಬೆದೆ ಅಂದರೆ ಹಸು ಗಬ್ಬಕ್ಕೆ ಸಿದ್ಧವಾಗಿ ಹೋರಿಯನ್ನು ಬಯಸುವ ಹೊತ್ತು. ಸೀಮೆಹಸು ಕೊಟ್ಟಿಗೆಯಲ್ಲಿ ಗಿಡ್ಡ ಹಗ್ಗಕ್ಕೆ ಕಟ್ಟಿಸಿಕೊಂಡು ನಿಂತಿತ್ತು. ಮುಂದೆ ಕಬ್ಬಿನ ಸೋಗೆ, ಕಾಲ ಕೆಳಗೆ ಸಿಮೆಂಟು ನೆಲ. ಗೊಡ್ಡು ಅಂತ ಮಾರಿಬಿಡುವ ಮಾತೂ ಮನೆಯಲ್ಲಿ ಶುರುವಾಗಿತ್ತು.

ಬಾಲ ಎತ್ತಿ ನೋಡಿದೆ. ಬಾಲದ ಕೂದಲಿಗೆ ಲೋಳೆ ಒಣಗಿ ಅಂಟಿತ್ತು. ಅದರಲ್ಲಿ ಸ್ವಲ್ಪ ರಕ್ತದ ಕಲೆ. ಬೆದೆ ಮುಗಿದ ಒಂದೆರಡು ದಿನಕ್ಕೆ ಎಷ್ಟೋ ಹಸುಗಳಲ್ಲಿ ಹೀಗೆ ರಕ್ತ ಕಾಣಿಸುತ್ತದೆ. ಅಂದರೆ ಹಸು ಬೆದೆಗೆ ಬಂದಿತ್ತು, ಹೋಗಿಯೂ ಆಗಿತ್ತು. ನಮಗೆ ಕಾಣಲಿಲ್ಲ, ಅಷ್ಟೆ.

ಭಾರತದಲ್ಲಿ ಮೊದಲ ಕೃತಕ ಗರ್ಭಧಾರಣೆ ನಡೆದದ್ದು ನಮ್ಮ ಮೈಸೂರಿನಲ್ಲೇ, 1939ರಲ್ಲಿ, ಅರಮನೆಯ ಡೇರಿ ಫಾರಂನಲ್ಲಿ. ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯ ಬಳಸಿದರು. ಇವತ್ತು ಮಂಡ್ಯದ ಮನೆಮನೆಯ ಹಾಲಿನ ಹಿಂದೆ ಆ ಕೆಲಸ ಇದೆ. ಆದರೆ ಒಂದು ಹೊಣೆ ಆಗ ಸದ್ದಿಲ್ಲದೆ ಕೈ ಬದಲಾಯಿಸಿತು. ಮೊದಲು ಬೆದೆ ಕಂಡುಹಿಡಿಯುತ್ತಿದ್ದದ್ದು ಹೋರಿ. ಈಗ ನಾವು ಕಂಡುಹಿಡಿಯಬೇಕು.

ಅದು ಸುಲಭವಲ್ಲ. ಬೆದೆಯ ಖಚಿತ ಗುರುತು ಒಂದೇ: ಇನ್ನೊಂದು ದನ ಮೇಲೆ ಹತ್ತಿದಾಗ ಹಸು ಕದಲದೆ ನಿಲ್ಲುವುದು. ಒಂಟಿಯಾಗಿ ಕಟ್ಟಿಹಾಕಿದ ಹಸು ಇದನ್ನು ತೋರಿಸುವುದು ಹೇಗೆ? ಸಿಮೆಂಟು ನೆಲದ ಮೇಲೆ ಜಾರುವ ಭಯಕ್ಕೆ ಹತ್ತುವುದೂ ಕಡಿಮೆ, ಮಣ್ಣಿನ ನೆಲದಲ್ಲಿ ಜಾಸ್ತಿ. ಅದರ ಮೇಲೆ, ಬೆದೆ ರಾತ್ರಿ ಹೊತ್ತು, ಬೆಳಗಿನ ಜಾವ ಬಂದು ಹೋಗುವುದು ಬಹಳ.

ಹಾಲು ಜಾಸ್ತಿ ಕೊಡುವ ಹಸುವಿನ ಕಥೆ ಇನ್ನೂ ಕಷ್ಟ. ಅದು ತಿನ್ನುವುದು ಜಾಸ್ತಿ, ಹಾಗಾಗಿ ಪಿತ್ತಜನಕಾಂಗಕ್ಕೆ, ಅಂದರೆ ಲಿವರ್‌ಗೆ, ಹರಿಯುವ ರಕ್ತವೂ ಜಾಸ್ತಿ. ಬೆದೆ ಎಬ್ಬಿಸುವ ಈಸ್ಟ್ರೋಜನ್ ಹಾರ್ಮೋನನ್ನು ಲಿವರ್ ಬೇಗ ಬೇಗ ಕರಗಿಸಿಬಿಡುತ್ತದೆ. ಅರ್ಧ ದಿನ ಇರಬೇಕಾದ ಬೆದೆ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಅದೇ ಹಸುವನ್ನು ನಾವು "ಮೂಕ ಬೆದೆ" ಅಂತ ಬೈಯುತ್ತೇವೆ.

ನಿಜವಾಗಿ ಬೆದೆಗೆ ಬಾರದ ಹಸುಗಳೂ ಇವೆ. ಕರು ಹಾಕಿದ ಮೇಲೆ ತಿಂದದ್ದಕ್ಕಿಂತ ಹಾಲಿಗೆ ಹೋಗುವುದೇ ಹೆಚ್ಚಾಗಿ ಮೈ ಇಳಿದರೆ ಅಂಡಾಶಯ ಸುಮ್ಮನಾಗುತ್ತದೆ. ಬರೀ ಸೋಗೆ, ಹುಲ್ಲು ಸಾಲದು. ಹಿಂಡಿ, ಖನಿಜ ಮಿಶ್ರಣ ಬೇಕು, ಡಾಕ್ಟರ ಕೈಯಲ್ಲಿ ತಪಾಸಣೆ ಬೇಕು.

ವರ್ಷಕ್ಕೊಂದು ಕರು ಬೇಕೆಂದರೆ ಲೆಕ್ಕ ಬಿಗಿ. ಗಬ್ಬದ ಕಾಲ ಸುಮಾರು 280 ದಿನ. ಉಳಿಯುವುದು 85. ಅದರಲ್ಲಿ ಮೊದಲ 45ರಿಂದ 60 ದಿನ ಗರ್ಭಕೋಶ ಸುಧಾರಿಸಿಕೊಳ್ಳಬೇಕು. ಕೈಗೆ ಸಿಗುವುದು ಒಂದೋ ಎರಡೋ ಬೆದೆ. ಒಂದು ತಪ್ಪಿದರೆ ಮತ್ತೆ 21 ದಿನ ಕಾಯಬೇಕು, ಅಲ್ವಾ?

ಚಿಕ್ಕಮ್ಮ ಕೊಟ್ಟಿಗೆಯ ಬಾಗಿಲ ಮೇಲೆ ಸುಣ್ಣದಲ್ಲಿ ತಾರೀಖು ಬರೆದರು. ಬೆದೆ 18ರಿಂದ 24 ದಿನದೊಳಗೆ ಮರಳುತ್ತದೆ. ಆ ವಾರ ಪೂರ್ತಿ ಬೆಳಿಗ್ಗೆ, ಸಂಜೆ ಅರ್ಧ ಗಂಟೆ ಹಸುವನ್ನೂ ಪಡ್ಡೆಯನ್ನೂ (ಇನ್ನೂ ಕರು ಹಾಕದ ಹರೆಯದ ಹಸು) ತೆಂಗಿನ ತೋಟದಲ್ಲಿ ಬಿಚ್ಚಿ ಬಿಟ್ಟರು. ಮಲಗುವ ಮುಂಚೆ ಒಂದು ಸಲ ಬ್ಯಾಟರಿ ಹಿಡಿದು ಕೊಟ್ಟಿಗೆಗೆ ಹೋಗಿ ಬಂದರು. ಬಿಚ್ಚಿದ ಮೊದಲ ದಿನ ಹಸು ಮರದ ಬೊಡ್ಡೆಗೆ ಕತ್ತು ಉಜ್ಜುತ್ತಾ ಎಷ್ಟೋ ಹೊತ್ತು ನಿಂತಿತ್ತು. ಕಟ್ಟಿದ ಹಗ್ಗದಲ್ಲಿ ಅದಕ್ಕೆ ಆ ಸುಖವೂ ಇರಲಿಲ್ಲ.

ಐದನೇ ಸಂಜೆ ಫೋನ್ ಬಂತು. "ಪಡ್ಡೆ ಹತ್ತುತು, ಇದು ಅಲ್ಲಾಡ್ದೆ ನಿಂತ್ಕಂಡ್ತು!" ಸಂಜೆ ಕಂಡರೆ ಮಾರನೇ ಬೆಳಿಗ್ಗೆ, ಬೆಳಿಗ್ಗೆ ಕಂಡರೆ ಅವತ್ತೇ ಸಂಜೆ ಇಂಜೆಕ್ಷನ್, ಅಂದರೆ ಕೃತಕ ಗರ್ಭಧಾರಣೆ, ಮಾಡಿಸಬೇಕು. ಅಂಡ ಬಿಡುಗಡೆಯಾಗುವುದು ಬೆದೆ ಇಳಿದು ಹತ್ತು ಹನ್ನೆರಡು ಗಂಟೆಯ ಮೇಲೆ. ಬೆಳಿಗ್ಗೆ ಏಳಕ್ಕೇ ಡಾಕ್ಟರನ್ನು ಕರೆಸಿದರು. ಸುಣ್ಣದಲ್ಲಿ ಈಗ ಇನ್ನೊಂದು ತಾರೀಖು ಬರೆದಿದ್ದಾರೆ, 21 ದಿನ ಮುಂದಿನದು. ಗಬ್ಬ ನಿಲ್ಲದಿದ್ದರೆ ಬೆದೆ ಆಗ ಮರಳುತ್ತದೆ, ಆ ವಾರವೂ ಬಿಚ್ಚಿ ನೋಡಬೇಕು.