ಮಿದುಳಿಗೆ ಹೋಗುವುದು ಯಾವ ಕೋಶ?

ಪಾರ್ಕಿನ್ಸನ್ ಕಾಯಿಲೆಯವರನ್ನು ಕರೆತರುವ ಮಕ್ಕಳು ಈಗೀಗ ತಪ್ಪದೆ ಕೇಳುವ ಮಾತು: ‘ಡಾಕ್ಟರೇ, ತಂದೆಯವರಿಗೆ ಸ್ಟೆಮ್ ಸೆಲ್ ಹಾಕಿಸೋಣವೇ?’ ಕೆಲವರು ಎಲ್ಲೋ ಮುಂಗಡ ಕಟ್ಟಿಯೇ ಬಂದಿರುತ್ತಾರೆ. ಅವರಿಗೆ ನಾನು ಲೊರೆಂಜ್ ಸ್ಟೂಡರ್ ಎಂಬ ವಿಜ್ಞಾನಿಯ ಕೆಲಸವನ್ನು ವಿವರಿಸುತ್ತೇನೆ. ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶದಿಂದ ನರಕೋಶ ಪಡೆಯುವುದು ಎಷ್ಟು ನಾಜೂಕಿನ ಕೆಲಸ ಎಂಬುದು ಅದರಿಂದ ಚೆನ್ನಾಗಿ ಅರ್ಥವಾಗುತ್ತದೆ.

ಸ್ಟೂಡರ್ ಸ್ವಿಟ್ಜರ್ಲೆಂಡಿನವರು, ಬರ್ನ್‌ನಲ್ಲಿ ವೈದ್ಯಕೀಯ ಓದಿದವರು. ಪಾರ್ಕಿನ್ಸನ್‌ನಲ್ಲಿ, ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ನಡುಮಿದುಳಿನ ನರಕೋಶಗಳು ಸಾಯುತ್ತವೆ. ಆ ನಷ್ಟ ತುಂಬಲು ಭ್ರೂಣದ ಮಿದುಳಿನ ಅಂಗಾಂಶವನ್ನು ರೋಗಿಯ ಮಿದುಳಿಗೆ ಕಸಿ ಮಾಡುವ ಪ್ರಯತ್ನವನ್ನು ಸ್ವೀಡನ್ನಿನ ಲುಂಡ್‌ನಲ್ಲಿ 1987ರಲ್ಲೇ ಆರಂಭಿಸಿದ್ದರು. 1995ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಇದೇ ಬಗೆಯ ಚಿಕಿತ್ಸೆ ಮೊದಲ ಬಾರಿಗೆ ನಡೆದಾಗ ಯುವ ಸ್ಟೂಡರ್ ಆ ತಂಡದಲ್ಲಿದ್ದರು. ಒಬ್ಬ ರೋಗಿಗೆ ಹಲವು ಭ್ರೂಣಗಳ ಅಂಗಾಂಶ ಬೇಕಾಗುತ್ತಿತ್ತು, ಒಂದರ ಗುಣ ಇನ್ನೊಂದಕ್ಕೆ ಇರುತ್ತಿರಲಿಲ್ಲ. 2001ರಲ್ಲಿ ಅಮೆರಿಕದ ಪ್ರಯೋಗವೊಂದರ ಫಲಿತಾಂಶ ಬಂತು. 40 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ತಲೆಬುರುಡೆಯಲ್ಲಿ ರಂಧ್ರ ಕೊರೆದು ಕಸಿ ಮಾಡದೆಯೇ ಕಳುಹಿಸಲಾಗಿತ್ತು. ಯಾರಿಗೆ ಕಸಿಯಾಗಿದೆ ಎಂಬುದು ರೋಗಿಗಳಿಗೆ ತಿಳಿದಿರಲಿಲ್ಲ. ಅರವತ್ತರೊಳಗಿನವರಿಗೆ ಕಸಿಯಿಂದ ಒಂದಿಷ್ಟು ಅನುಕೂಲವಾಗಿತ್ತು, ವಯಸ್ಸಾದವರಿಗೆ ಆಗಿರಲಿಲ್ಲ. ಕಸಿ ಪಡೆದವರಲ್ಲಿ ಶೇಕಡ 15ರಷ್ಟು ಮಂದಿಯಲ್ಲಿ, ಡೋಪಮೈನ್ ಕೊರತೆ ತುಂಬುವ ಲೆವೊಡೋಪಾ ಮಾತ್ರೆ ಕಡಿಮೆ ಮಾಡಿದರೂ ನಿಲ್ಲಿಸಿದರೂ, ಕೈಕಾಲು ತಾವಾಗಿಯೇ ತಿರುಚಿಕೊಳ್ಳುವ ತೊಂದರೆ ಕಾಣಿಸಿತು. ಅನೇಕರು ಈ ದಾರಿಯ ಮೇಲಿನ ಆಸೆ ಬಿಟ್ಟರು.

ಆ ವೇಳೆಗೆ ಸ್ಟೂಡರ್ ಅಮೆರಿಕಕ್ಕೆ ಹೋಗಿ, ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಸಂಸ್ಥೆಯಲ್ಲಿ ಸ್ವಂತ ಪ್ರಯೋಗಾಲಯ ತೆರೆದಿದ್ದರು. ಭ್ರೂಣದ ಅಂಗಾಂಶವನ್ನು ನೆಚ್ಚಿಕೊಳ್ಳದೆ ಕಾಂಡಕೋಶಗಳಿಂದಲೇ ಬೇಕಾದ ನರಕೋಶವನ್ನು ಬೆಳೆಸಬೇಕು ಎಂಬುದು ಅವರ ಹಟ. ಡೋಪಮೈನ್ ತಯಾರಿಸುವ ಕೋಶಗಳು ಗಾಜಿನ ತಟ್ಟೆಯಲ್ಲಿ ಬೇಗನೆ ಸಿಕ್ಕವು. ಪ್ರಾಣಿಯ ಮಿದುಳಿಗೆ ಹಾಕಿದರೆ ಮಾತ್ರ ಅವು ಬಹುಪಾಲು ಉಳಿಯುತ್ತಿರಲಿಲ್ಲ.

ತೊಡಕು ಎಲ್ಲಿತ್ತೆಂದರೆ, ಡೋಪಮೈನ್ ತಯಾರಿಸಿದ ಮಾತ್ರಕ್ಕೆ ಒಂದು ಕೋಶ ನಡುಮಿದುಳಿನ ಕೋಶವಾಗುವುದಿಲ್ಲ. ಭ್ರೂಣದಲ್ಲಿ ಆ ಕೋಶಗಳು ಹುಟ್ಟುವುದು, ಮುಂದೆ ಮಿದುಳು ಮತ್ತು ಬೆನ್ನುಹುರಿಯಾಗುವ ನರನಾಳದ ತಳಭಾಗದ ಒಂದು ಕಿರಿದಾದ ಪಟ್ಟಿಯಲ್ಲಿ. ಪ್ರಯೋಗಾಲಯದಲ್ಲಿಯೂ ಕಾಂಡಕೋಶವನ್ನು ಅದೇ ಪಟ್ಟಿಯ ದಾರಿಯಲ್ಲಿ ನಡೆಸಬೇಕು. 2009ರಲ್ಲಿ ಸ್ಟೂಡರ್ ತಂಡ, ಕೋಶ ಏನಾಗಬೇಕೆಂದು ಹೇಳುವ ಎರಡು ರಾಸಾಯನಿಕ ಸಂಕೇತಗಳನ್ನು ತಡೆದು ಮಾನವ ಕಾಂಡಕೋಶಗಳನ್ನು ನರಕೋಶದ ಹಾದಿಗೆ ತಂದಿತು. ಇಂದು ಜಗತ್ತಿನ ಅದೆಷ್ಟೋ ಪ್ರಯೋಗಾಲಯಗಳಲ್ಲಿ ಇದು ನಿತ್ಯದ ವಿಧಾನ. 2011ರಲ್ಲಿ ಅದರ ಮೇಲೆ ಇನ್ನೊಂದು ಹೆಜ್ಜೆ ಇಟ್ಟರು. ‘ಸಾನಿಕ್ ಹೆಡ್ಜ್‌ಹಾಗ್’ ಎಂಬ ಸಂಕೇತದಿಂದ ಕೋಶಗಳಿಗೆ ಆ ತಳಪಟ್ಟಿಯ ಗುಣ ಕೊಟ್ಟು, ‘ವಿಂಟ್’ ಎಂಬ ಇನ್ನೊಂದು ಸಂಕೇತವನ್ನು ಅಳೆದು ಸೇರಿಸಿದರು. ವಿಂಟ್ ಪ್ರಮಾಣ ತುಸು ಕಡಿಮೆಯಾದರೆ ಕೋಶ ಮುಮ್ಮಿದುಳಿನದಾಗುತ್ತದೆ, ತುಸು ಹೆಚ್ಚಾದರೆ ಹಿಮ್ಮಿದುಳಿನದು. ಹೀಗೆ ಪಡೆದ ಕೋಶಗಳು ಇಲಿ ಮತ್ತು ಮಂಗಗಳ ಮಿದುಳಿನಲ್ಲಿ ಬದುಕಿ ಉಳಿದವು. ನನ್ನ ಮಟ್ಟಿಗೆ ಅವರ ವೃತ್ತಿಜೀವನದ ಅತಿ ದೊಡ್ಡ ಗೆಲುವು ಇದೇ. 2015ರಲ್ಲಿ ಅವರಿಗೆ ಅಮೆರಿಕದ ಪ್ರತಿಷ್ಠಿತ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು.

ರೋಗಿಗೆ ಕೊಡುವ ಕೋಶವನ್ನು ಬೆಳೆಸಿದ ಹದಿನಾರನೆಯ ದಿನಕ್ಕೆ ಹೆಪ್ಪುಗಟ್ಟಿಸಿ ಇಡುತ್ತಾರೆ. ಆ ಹೊತ್ತಿಗೆ ಅದು ಕಾಂಡಕೋಶವಾಗಿ ಉಳಿದಿರುವುದಿಲ್ಲ, ಪೂರ್ಣ ನರಕೋಶವೂ ಆಗಿರುವುದಿಲ್ಲ. ನಾಟಿಗೆ ಬಂದ ಪೈರಿನ ಹದ ಅದು. ಬಲಿತ ನರಕೋಶ ಕಸಿಯನ್ನು ತಾಳುವುದಿಲ್ಲ. ಬದಲಾಗದ ಕಾಂಡಕೋಶ ಒಳಗೆ ಉಳಿದರೆ ಗೆಡ್ಡೆಯಾಗಬಹುದು.

2025ರ ಏಪ್ರಿಲ್‌ನಲ್ಲಿ ಈ ಕೋಶ ಪಡೆದ ಮೊದಲ 12 ರೋಗಿಗಳ ವರದಿ ಪ್ರಕಟವಾಯಿತು. ಮಿದುಳಿನ ಎರಡೂ ಬದಿಗೆ ಕೋಶ ಹಾಕಿ, ಅವು ತಿರಸ್ಕೃತವಾಗದಂತೆ ಒಂದು ವರ್ಷ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಕೊಟ್ಟಿದ್ದರು. ಹದಿನೆಂಟು ತಿಂಗಳಲ್ಲಿ ಕೋಶಗಳಿಂದಾಗಿ ಗಂಭೀರ ಅಪಾಯವೇನೂ ಕಂಡುಬಂದಿರಲಿಲ್ಲ. ಹಿಂದಿನ ಕಸಿಯಲ್ಲಿ ಕಾಡಿದ್ದ ತಿರುಚುವಿಕೆ ಇರಲಿಲ್ಲ, ಕೋಶಗಳು ಉಳಿದಿರುವ ಕುರುಹು ಸ್ಕ್ಯಾನ್‌ನಲ್ಲಿ ಕಂಡಿತು. ಹೆಚ್ಚು ಕೋಶ ಪಡೆದ ಗುಂಪಿನವರ ಚಲನೆ ಸುಧಾರಿಸಿತ್ತು. ನನಗೆ ನಿಜವಾಗಿ ಸಂತೋಷ ತಂದ ಸುದ್ದಿ ಇದು. ಆದರೆ ಹೋಲಿಸಿ ನೋಡಲು ಕಸಿಯಿಲ್ಲದ ಗುಂಪು ಅಲ್ಲಿರಲಿಲ್ಲ, ತಮಗೆ ಕೋಶ ಸಿಕ್ಕಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಪಾರ್ಕಿನ್ಸನ್‌ನಲ್ಲಿ ನಂಬಿಕೆಯಿಂದಲೇ ತಾತ್ಕಾಲಿಕ ಚೇತರಿಕೆ ಕಾಣುವುದುಂಟು. ಆದ್ದರಿಂದ ಮೂರನೇ ಹಂತದ ಪ್ರಯೋಗದಲ್ಲಿ ಒಂದು ಗುಂಪಿಗೆ ಮತ್ತೆ ತೋರಿಕೆಯ ಶಸ್ತ್ರಚಿಕಿತ್ಸೆ ಮಾಡುತ್ತಾರೆ.

ಇನ್ನು ಜಾಹೀರಾತಿನ ಚಿಕಿತ್ಸೆಗೆ ಬರೋಣ. ಅಲ್ಲಿ ಸಾಮಾನ್ಯವಾಗಿ ಸೊಂಟದ ಮೂಳೆಯ ಮಜ್ಜೆಯಿಂದಲೋ ಕೊಬ್ಬಿನಿಂದಲೋ ತೆಗೆದ ಕೋಶಗಳನ್ನು ರಕ್ತನಾಳಕ್ಕೋ ಬೆನ್ನುಹುರಿಯ ದ್ರವಕ್ಕೋ ಸೇರಿಸುತ್ತಾರೆ. ಅವು ನಡುಮಿದುಳಿನ ಡೋಪಮೈನ್ ನರಕೋಶಗಳಾಗುತ್ತವೆ ಎನ್ನಲು ಆಧಾರವಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ಅಸ್ಥಿಮಜ್ಜೆ ಕಸಿಯಿಂದ ಗುಣಪಡಿಸುವ ರಕ್ತ ಸಂಬಂಧಿ ಕಾಯಿಲೆಗಳಂಥವನ್ನು ಬಿಟ್ಟರೆ, ಕಾಂಡಕೋಶವನ್ನು ಅನುಮೋದಿತ ಪ್ರಯೋಗದಲ್ಲಿ ಮಾತ್ರ ಬಳಸಬೇಕು. ಪ್ರಯೋಗಕ್ಕೆ ಸೇರಿದವರಿಂದ ಹಣ ಪಡೆಯುವಂತಿಲ್ಲ. ಆದ್ದರಿಂದ ಮುಂಗಡ ಕಟ್ಟುವ ಮೊದಲು ಕೇಳಿ: ಒಳಗೆ ಹೋಗುವುದು ಯಾವ ಕೋಶ, ಅದು ಮಿದುಳಿನ ಯಾವ ಭಾಗಕ್ಕೆ ಸೇರುತ್ತದೆ, ಪ್ರಯೋಗದ ನೋಂದಣಿ ಸಂಖ್ಯೆ ಏನು? ಉತ್ತರವನ್ನು ಬರೆಸಿಕೊಂಡು ನಿಮ್ಮ ನರರೋಗ ತಜ್ಞರಿಗೆ ತೋರಿಸಿ. ಅಲ್ಲಿಯವರೆಗೆ ಲೆವೊಡೋಪಾ ಮಾತ್ರೆಯ ಹೊತ್ತು ತಪ್ಪಿಸಬೇಡಿ, ವ್ಯಾಯಾಮ ಬಿಡಬೇಡಿ.